ನಿವೃತ್ತಿ ಬೇರೆ, ಪಿಂಚಣಿ ಬೇರೆ

ಸ್ವಯಂನಿವೃತ್ತಿಯ ಕಾಗದ ಕೈಗೆ ಬಂದೊಡನೆ ಮನೆಮಂದಿಯೆಲ್ಲ ಕೂತು ಎಣಿಸುವುದು ಇಡಿಗಂಟನ್ನು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದಾಗ ಬೆಂಗಳೂರು, ತುಮಕೂರುಗಳ ಮನೆಗಳಲ್ಲಿಯೂ ಈ ಎಣಿಕೆ ನಡೆದಿರಬೇಕು. ಪಿಂಚಣಿಯ ಲೆಕ್ಕ ಮಾತ್ರ ಹಿಂದೆ ಬೀಳುತ್ತದೆ. ಇಂದು ಅದನ್ನೇ ಕೊಂಚ ನೋಡೋಣ.

ಕಾರಖಾನೆ, ಕಂಪೆನಿಗಳ ನೌಕರರಿಗಾಗಿ 1995ರ ನವೆಂಬರ್ 16ರಂದು ಪಿಂಚಣಿ ಯೋಜನೆಯೊಂದು ಜಾರಿಗೆ ಬಂದಿತು. ತಮ್ಮ ಸಂಬಳದಲ್ಲಿ ಹಿಡಿದ ಹಣವೇ ಪಿಂಚಣಿಯಾಗಿ ಮರಳುತ್ತದೆಂದು ಹಲವರ ನಂಬಿಕೆ. ಹಾಗಲ್ಲ. ಅದು ಭವಿಷ್ಯನಿಧಿಗೆ ಹೋಗುತ್ತದೆ. ಮಾಲಿಕರ ವಂತಿಗೆಯಿಂದ ಸಂಬಳದ ನೂರಕ್ಕೆ 8.33 ಪಾಲು ಪಿಂಚಣಿ ನಿಧಿಗೆ ಸೇರುತ್ತದೆ. ಇದಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2014ರ ಸೆಪ್ಟೆಂಬರ್ 1ರಂದು 6,500ರಿಂದ 15,000 ರೂಪಾಯಿಗೆ ಏರಿಸಿದರು.

ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಸಿಕ್ಕಿತು. ಆ ಏರಿಕೆಯ ತರುವಾಯ ಸೇರಿ, 15,000 ರೂಪಾಯಿಯ ಮೇಲೆ ಹತ್ತು ವರ್ಷ ದುಡಿದವರಿಗೆ ಸುಮಾರು 2,143 ರೂಪಾಯಿ. ದೊಡ್ಡ ಮೊತ್ತವೇನಲ್ಲ, ನಿಜ. ಆದರೆ ಜೀವವಿರುವ ತನಕ ಬರುವಂಥದು.

ಈಗ ಒಬ್ಬರು 50ನೆಯ ವಯಸ್ಸಿಗೆ ಕೆಲಸ ಬಿಟ್ಟರೆನ್ನಿ. ವಂತಿಗೆ ಅಲ್ಲಿಗೆ ನಿಂತಿತು. ಸೇವೆಯ ವರ್ಷಗಳೂ ನಿಂತವು. ಗಳಿಸಿದ್ದು ಮಾತ್ರ ಕರಗುವುದಿಲ್ಲ. 58 ತುಂಬುವವರೆಗೆ ಕಾದರೆ ಆ 2,143 ಪೂರ್ತಿ ಬರುತ್ತದೆ. ಕಾಯದೆ 57ಕ್ಕೆ ಕೇಳಿದರೆ ನೂರಕ್ಕೆ ನಾಲ್ಕು ಕಳೆದು ಸುಮಾರು 2,057. 50ಕ್ಕೇ ಕೇಳಿದರೆ ಎಂಟು ವರ್ಷಗಳ ಕಡಿತ, ಎಂದರೆ ಕಾಲು ಭಾಗಕ್ಕಿಂತ ಹೆಚ್ಚು. ಮುಂದೆ 58 ತುಂಬಿದರೂ ಈ ಕಡಿತ ಬಿಟ್ಟುಹೋಗುವುದಿಲ್ಲ. ಕೆಲಸ ಬಿಟ್ಟ ದಿನವೇ ಪಿಂಚಣಿಗೂ ಅರ್ಜಿ ಹಾಕಬೇಕೆಂದು ಯಾರೂ ಹೇಳಿಲ್ಲ. ಇಡಿಗಂಟಿನಲ್ಲಿ ಸಂಸಾರ ಸಾಗುವುದಾದರೆ ಕಾಯುವುದೇ ಲೇಸೆಂದು ನನಗೆ ತೋರುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಆ ಮಾತು ಬೇರೆ.

ಹತ್ತು ವರ್ಷ ತುಂಬದವರು ಇನ್ನೂ ಎಚ್ಚರವಾಗಿರಬೇಕು. ಆರು ತಿಂಗಳು ಅಥವಾ ಮೇಲ್ಪಟ್ಟ ಸೇವೆಯನ್ನು ಒಂದು ವರ್ಷವೆಂದೇ ಹಿಡಿಯುವುದರಿಂದ ಒಂಬತ್ತೂವರೆ ವರ್ಷವಾದರೂ ಸಾಕು. ಅದಕ್ಕೂ ಕಡಿಮೆಯಾದರೆ ಎರಡು ದಾರಿ: ಪಿಂಚಣಿ ಲೆಕ್ಕದ ಹಣವನ್ನು ತೆಗೆದುಕೊಳ್ಳುವುದು, ಇಲ್ಲವೆ ಸ್ಕೀಮ್ ಸರ್ಟಿಫಿಕೇಟ್ ಪಡೆಯುವುದು. ಹಣ ತೆಗೆದರೆ ಆ ಸೇವೆ ಅಳಿಸಿಹೋಯಿತು. ಸರ್ಟಿಫಿಕೇಟ್ ಇದ್ದರೆ ನಾಳೆ ಬೇರೊಂದು ಕಂಪೆನಿಯಲ್ಲಿ ದುಡಿದ ವರ್ಷಗಳಿಗೆ ಇದನ್ನು ಕೂಡಿಸುತ್ತಾರೆ. ಏಳು ವರ್ಷಕ್ಕೆ ಮೂರು ಕೂಡಿದರೂ ಪಿಂಚಣಿ ಹುಟ್ಟಿತು.

ಇನ್ನೊಂದು ಮಾತು ಮನೆಯಾಕೆಗೆ. ಹತ್ತು ವರ್ಷ ಪೂರೈಸಿ ಕೆಲಸ ಬಿಟ್ಟವರು 58 ತುಂಬುವ ಮೊದಲೇ ತೀರಿಕೊಂಡರೂ ಅವರ ಪತ್ನಿಗೆ ಪಿಂಚಣಿ ಉಂಟು. ಆ ಕಾಗದಗಳು ಯಾವ ಪೆಟ್ಟಿಗೆಯಲ್ಲಿವೆಯೆಂದು ಯಜಮಾನರನ್ನು ಇವತ್ತೇ ಕೇಳಿಟ್ಟುಕೊಳ್ಳಿ.