ಜಗಲಿಯ ನಾಯಿ, ಒಲೆಯ ಬೆಕ್ಕು



ಮಳೆ ಹಿಂದೆಗೆಯಿತು. ರಾಗಿ ತೆನೆ ಬಲಿಯುತ್ತಿದೆ. ಕೊಯ್ಲಿಗೆ ಇನ್ನೂ ಕೆಲವು ವಾರ ಉಂಟು. ಶನಿವಾರ ಮಧ್ಯಾಹ್ನದಿಂದ ಮಕ್ಕಳೂ ಮನೆಯಲ್ಲೇ. ಜಗಲಿಯ ಎಳೆಬಿಸಿಲಿಗೆ ನಾಯಿ ಮೈಚಾಚಿದೆ, ಒಲೆಯ ಪಕ್ಕ ಬೆಕ್ಕು ಮುದುಡಿದೆ. ಇಂಥ ಪುರುಸೊತ್ತು ನಮಗೆ ಸಿಕ್ಕುವುದೇ ಅಪರೂಪ. ಇದರಲ್ಲಿ ಒಂದು ಗಳಿಗೆಯನ್ನು ಆ ಮೂಕಪ್ರಾಣಿಗಳಿಗೆ ಕೊಡಿ ಎಂದು ಕೇಳಲು ಬಂದಿದ್ದೇನೆ.

ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುತ್ತೀರಿ. ನಾಯಿಗೆ? "ಅನ್ನ ತಿಂದು ಬಿದ್ದಿರ್ತದೆ, ಅದಕ್ಕೇನು ಬಂತು?" ಅಂತೀರಿ. ನಾನೂ ಹಾಗೇ ಅಂದವನು.

ಇಂಥದೇ ಒಂದು ಭಾನುವಾರ ಎಲ್ಲಿಂದಲೋ ಬಂದ ನಾಯಿ ನಮ್ಮ ಕರಿಯನ ಮೇಲೆ ಬಿತ್ತು. ಬಿಡಿಸಹೋದ ಮಗನ ಕೈಗೂ ಅದರ ಹಲ್ಲು ನಾಟಿತು. ನಮ್ಮವ್ವ ಸುಣ್ಣ, ಅರಿಶಿನ ತಂದರು. ಪಕ್ಕದ ಮನೆಯ ನರ್ಸಮ್ಮ, "ಅದೆಲ್ಲ ಬೇಡ ಅವ್ವಾ" ಎಂದು ತಡೆದು, ಗಾಯಕ್ಕೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಸಿದರು. ಅಂದೇ ಆಸ್ಪತ್ರೆಗೆ ಹೋದೆವು. ಗಾಯಕ್ಕೆ ಸೀರಂ, ತೋಳಿಗೆ ಲಸಿಕೆ. ಹೇಳಿದ ದಿನ ಒಂದನ್ನೂ ತಪ್ಪಿಸಲಿಲ್ಲ. ಮಗ ಚೆನ್ನಾಗಿದ್ದಾನೆ. ಕರಿಯನ ಗಾಯ ಮಾತ್ರ ಮಾಯಿತಲ್ಲ ಎಂದು ಸುಮ್ಮನಾದೆವು. ಒಂದೂವರೆ ತಿಂಗಳಿಗೆ ಅದರ ದನಿ ಒಡೆಯಿತು, ದವಡೆ ಜೋತಿತು, ಜೊಲ್ಲು ಸುರಿಯಿತು. ಹುಚ್ಚು ಹಿಡಿದೇ ಸತ್ತಿತು.

ಈ ರೋಗದ ಲಕ್ಷಣ ಕಂಡ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ತಡೆಯಬಹುದು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಸ್ಚರ್ ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ಲಸಿಕೆ ಕೊಟ್ಟು ತೋರಿಸಿದ್ದು ಇದನ್ನೇ. ಹೊಕ್ಕುಳ ಸುತ್ತ 14 ಸೂಜಿ ಚುಚ್ಚುವ ಕಾಲ ಈಗಿಲ್ಲ. ಆ ಅಂಜಿಕೆ ಬಿಡಿ.

ಮರಿಗೆ 3 ತಿಂಗಳು ತುಂಬಿದಾಗ ಪಶು ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕಿಗೂ ಅಷ್ಟೆ. ಲಸಿಕೆಯಾದ ನಾಯಿಯನ್ನು ಬೇರೆ ನಾಯಿ ಕಚ್ಚಿದರೂ ವೈದ್ಯರಿಗೆ ತೋರಿಸಿ. ಹಸು ಜೊಲ್ಲು ಸುರಿಸುತ್ತ ಮೇವು ನುಂಗಲಾರದೆ ನಿಂತರೆ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬರಿಗೈ ಹಾಕಬೇಡಿ. ಅದೂ ಹುಚ್ಚುನಾಯಿಯ ಕಡಿತದ ಫಲವಾಗಿರಬಹುದು. ಮಕ್ಕಳಿಗೆ, "ನಾಯಿ ಪರಚಿದರೂ ಮುಚ್ಚಿಡದೆ ಹೇಳು, ಬೈಯೋದಿಲ್ಲ" ಎಂದು ಈ ಭಾನುವಾರವೇ ಹೇಳಿಡಿ.

ನಮ್ಮ ಜಗಲಿಯಲ್ಲಿ ಈಗ ಬೇರೊಂದು ಮರಿ ಮಲಗಿದೆ. ಅದರ ಲಸಿಕೆಯ ಚೀಟಿ ಪಂಚಾಂಗದ ಪಕ್ಕದಲ್ಲೇ ತೂಗುತ್ತಿದೆ. ನಿಮ್ಮ ಮನೆಯಲ್ಲೂ ತೂಗಲಿ.