ಮೂವತ್ತು ಅಡಿಯ ಲೆಕ್ಕ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತು ಹೇಳು ಎಂದು ಮೇಷ್ಟ್ರು ಹೇಳಿದ್ದರು. ಕ್ಷಮಿಸಬೇಕು, ನಾನು ಬಾವಿಯ ಬಗ್ಗೆ ಮಾತಾಡುತ್ತೇನೆ.

ಶ್ರೀನಿವಾಸಪುರದ ಕಡೆ ನಮ್ಮ ತೋಟದ ಬಾವಿ 50 ಅಡಿ ಆಳ. ತಾತನ ಕಾಲದಲ್ಲಿ ಅಲ್ಲಿ ಕಪಿಲೆ ಇತ್ತು. ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ನೀರು ಮೇಲಕ್ಕೆ ಬರುತ್ತಿತ್ತು. ಇಳಿಜಾರು ಯಾಕೆ? ಎತ್ತಿನ ಮೈತೂಕವೂ ಎಳೆತಕ್ಕೆ ಸೇರಲಿ ಅಂತ. ತಾತ ನ್ಯೂಟನ್ ಹೆಸರು ಕೇಳಿದವರಲ್ಲ, ಆದರೆ ಬಲ ಅಂದರೇನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪನ ಕಾಲಕ್ಕೆ ಪಂಪು ಬಂತು. ಬಾವಿಯ ದಡದ ಚಪ್ಪಡಿ ಮೇಲೆ ಮೋಟಾರು, ಕೆಳಗೆ ನೀರಿನಲ್ಲಿ ಫುಟ್‌ವಾಲ್ವು. 2003ರ ಬರದಲ್ಲಿ ನೀರು ಇಳಿಯುತ್ತಾ ಹೋಯಿತು. ಅಪ್ಪ ಇನ್ನೊಂದು ಪೈಪು ಜೋಡಿಸಿ ಫುಟ್‌ವಾಲ್ವನ್ನು ಇನ್ನೂ ಕೆಳಗಿಳಿಸಿದರು. ಪಂಪು ಮಾತ್ರ ಮೇಲೇ ಉಳಿಯಿತು. ರಾತ್ರಿ ಕರೆಂಟು ಬಂದಾಗ ಸ್ವಿಚ್ಚು ಹಾಕಿ ಬಂದು ಮಲಗಿದವನು ನಾನು. ಬೆಳಿಗ್ಗೆ ಹೋದರೆ ಸುಟ್ಟ ವಾಸನೆ. ವೈಂಡಿಂಗ್ ಮಾಡಿಸಲು ಅಮ್ಮನ ಓಲೆ ಅಡವಿಗೆ ಹೋಯಿತು. ಅಷ್ಟರಲ್ಲಿ ಟೊಮೆಟೊ ಒಣಗಿತ್ತು.

ಆ ವರ್ಷವೇ ಇದೇ ಶಾಲೆಯಲ್ಲಿ ವಾತಾವರಣದ ಒತ್ತಡದ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಟೊರಿಸೆಲ್ಲಿ, 1643, ಪಾದರಸ, 76 ಸೆಂಟಿಮೀಟರ್, ಎಲ್ಲಾ ಬಾಯಿಪಾಠ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿದರೆ ನೀರಿಗೆ ಸುಮಾರು 10.3 ಮೀಟರ್, ಅಂದರೆ 34 ಅಡಿ. ಆ ಗುಣಾಕಾರವನ್ನು ನಾನು ಮಾಡಿಯೇ ಇರಲಿಲ್ಲ.

ಪಂಪು ನೀರನ್ನು ಎಳೆಯುವುದಿಲ್ಲ ಮಕ್ಕಳೇ. ಅದು ಪೈಪಿನೊಳಗಿನ ಒತ್ತಡ ಕಡಿಮೆ ಮಾಡುತ್ತದೆ, ಅಷ್ಟೇ. ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯೊಳಗಿನ ಗಾಳಿ. ಕೋಲಾರ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಇಲ್ಲಿ ಸ್ವಲ್ಪ ಕಡಿಮೆ. ಹಾಗಾಗಿ ನಮಗೆ ಮಿತಿ 30 ಅಡಿಯ ಆಸುಪಾಸು. ಪಂಪು, ಪೈಪಿನ ನಷ್ಟ ಕಳೆದರೆ ಸಿಗುವುದು 20-25 ಅಡಿ. ಎಷ್ಟು ಎಚ್‌ಪಿ ಮೋಟಾರು ಹಾಕಿದರೂ ಅಷ್ಟೇ. ಪಕ್ಕದ ತೋಟದವರು ಬಾವಿಯೊಳಗೆ ತೊಲೆ ಹಾಕಿ ಪಂಪನ್ನೇ ಇಳಿಸಿದ್ದರು. ನಾನು ಅದನ್ನು ನೋಡಿ ನಕ್ಕಿದ್ದೆ.

ಸುಟ್ಟಿದ್ದು ಯಾಕೆ? ಪಂಪಿನಲ್ಲಿ ಹರಿಯುವ ನೀರು ಗ್ಲ್ಯಾಂಡಿನ ಹತ್ತಿರ ಹುಟ್ಟುವ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನೀರಿಲ್ಲದಿದ್ದರೆ ಘರ್ಷಣೆಯ ಬಿಸಿ ಅಲ್ಲೇ ಉಳಿಯುತ್ತದೆ. ಶಾಫ್ಟು ಹಿಡಿದುಕೊಳ್ಳುತ್ತದೆ. ತಿರುಗಲಾರದ ಮೋಟಾರು ಒಂದೇ ಸಮನೆ ಹೆಚ್ಚು ಕರೆಂಟು ಎಳೆದು ವೈಂಡಿಂಗ್ ಸುಡುತ್ತದೆ. ಚಲನೆ, ಬಲ, ಶಾಖ, ಮೂರು ಪಾಠವೂ ಒಂದೇ ರಾತ್ರಿಯಲ್ಲಿ ನಮ್ಮ ತೋಟದಲ್ಲಿ ನಡೆದಿದ್ದವು.

ಈಗ ಎಲ್ಲರದೂ ಬೋರ್‌ವೆಲ್. ಸಬ್‌ಮರ್ಸಿಬಲ್ ನೀರಿನೊಳಗೇ ಕೂತು ಕೆಳಗಿನಿಂದ ತಳ್ಳುವುದರಿಂದ ಅದಕ್ಕೆ ಈ 30 ಅಡಿಯ ಕಟ್ಟಿಲ್ಲ. ಆದರೆ ಕೆಲಸದ ಲೆಕ್ಕ ತಪ್ಪುವುದಿಲ್ಲ. 1,000 ಲೀಟರ್ ನೀರನ್ನು 1,000 ಅಡಿ ಎತ್ತಲು ಏನೂ ನಷ್ಟವಿಲ್ಲದಿದ್ದರೂ ಮುಕ್ಕಾಲು ಯೂನಿಟ್ಟಿಗಿಂತ ಹೆಚ್ಚು ಬೇಕು. ಪಂಪಿನ ನಷ್ಟ ಸೇರಿಸಿದರೆ ಸುಮಾರು ಅದರ ಎರಡರಷ್ಟು. 20 ಅಡಿಯಿಂದ ಎತ್ತುತ್ತಿದ್ದ ತಾತನ ಎತ್ತುಗಳ ಕೆಲಸದ 50 ಪಟ್ಟು ಇದು. 2018ರಿಂದ ಕೆ.ಸಿ. ವ್ಯಾಲಿ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣದ ಬಗ್ಗೆ ವಾದ ಇರಲಿ, ಅಂತರ್ಜಲ 100 ಅಡಿ ಮೇಲೆ ಬಂದರೆ ಎಷ್ಟು ಯೂನಿಟ್ ಉಳಿಯುತ್ತದೆ ಅಂತ ಹತ್ತನೇ ತರಗತಿಯವರು ಇವತ್ತೇ ಲೆಕ್ಕ ಹಾಕಬಹುದು.

ನಾನು 40 ಅಡಿಯ ದಪ್ಪ ಪಾರದರ್ಶಕ ಪೈಪು ತಂದಿದ್ದೇನೆ. ನಮ್ಮ ಬತ್ತಿದ ಬಾವಿ ಇನ್ನೂ ಹಾಗೇ ಇದೆ. ನಾಳೆ ಬೆಳಿಗ್ಗೆ ಪೈಪಿಗೆ ನೀರು ತುಂಬಿ, ಎರಡೂ ತುದಿಗೆ ಬಿರಡೆ ಹಾಕಿ, ಒಂದು ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಕಟ್ಟಿ ಬಾವಿಗೆ ಇಳಿಸೋಣ. ಕೆಳಗಿನ ಬಿರಡೆಯನ್ನು ದಾರದಿಂದ ಎಳೆದಾಗ ನೀರು ಎಲ್ಲಿಗೆ ಇಳಿದು ನಿಲ್ಲುತ್ತದೆ ಅಂತ ಟೇಪು ಹಿಡಿದು ನೋಡೋಣ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬಾವಿ ಕಟ್ಟೆಯ ಹತ್ತಿರ ದೊಡ್ಡವರು ಇಬ್ಬರು ಇರುತ್ತಾರೆ. ಬಕೆಟ್ಟು ನೀವು ತನ್ನಿ.