ಚಕ್ರದ ಮೇಲಿನ ಮನೆಗೆ ನಲ್ಲಿ ಮತ್ತು ಗುಂಡಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘ ಬೆಳೆದ ಕಥೆ ಹೇಳಲು ನನಗಿಂತ ತಿಳಿದವರು ಇಲ್ಲಿ ಕೂತಿದ್ದಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು, ಎರಡು ಹಸುವಿನ ಸದಸ್ಯ, ಅಷ್ಟೆ. ಕಾರ್ಯದರ್ಶಿಗಳು "ಮೇಷ್ಟ್ರೆ, ಮಗನ ಹತ್ರ ಬ್ರಿಟನ್ನಿಗೆ ಹೋಗಿದ್ರಲ್ಲ, ಅಲ್ಲಿಂದೇನಾದ್ರೂ ಹೇಳಿ" ಅಂದರು. ಅರಮನೆ, ಸೇತುವೆ, ದೊಡ್ಡ ಗಡಿಯಾರ ಎಲ್ಲವನ್ನೂ ನೀವು ಟೀವಿಯಲ್ಲಿ ನೋಡಿದ್ದೀರಿ. ನಾನು ಹೇಳಬೇಕೆಂದಿರುವುದು ಕಕ್ಕಸಿನ ಡಬ್ಬಿಯ ವಿಷಯ. ಊಟಕ್ಕೆ ಮುಂಚೆ ಈ ಮಾತು ಬೇಡವಿತ್ತು ಅನ್ನುವವರು ದಯವಿಟ್ಟು ಕ್ಷಮಿಸಬೇಕು.

2023ರ ಅಕ್ಟೋಬರ್ ತಿಂಗಳಲ್ಲಿ ಮಗ ಒಂದು ಮೋಟಾರ್‌ಹೋಮ್ ಬಾಡಿಗೆಗೆ ಹಿಡಿದು, ನನ್ನನ್ನೂ ನಮ್ಮ ಮನೆಯವರನ್ನೂ ಒಂಬತ್ತು ದಿವಸ ಸ್ಕಾಟ್ಲೆಂಡಿನ ಉತ್ತರ ಭಾಗ ಸುತ್ತಿಸಿದ. ಮೋಟಾರ್‌ಹೋಮ್ ಅಂದರೆ ಚಕ್ರದ ಮೇಲಿನ ಮನೆ. ನಮ್ಮ ಟೆಂಪೋ ಟ್ರಾವೆಲರಿಗಿಂತ ಸ್ವಲ್ಪ ದೊಡ್ಡದು. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಎಲ್ಲಾ ಇದೆ. ಅಲ್ಲಿಯ ಜನಕ್ಕೆ ಈ ಹುಚ್ಚು ಹೊಸದಲ್ಲ. 1885ರಲ್ಲೇ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ವೈದ್ಯರು ಎರಡು ಕುದುರೆ ಎಳೆಯುವ ಮನೆಗಾಡಿ ಮಾಡಿಸಿ, ಬರೀ ಸಂತೋಷಕ್ಕಾಗಿ ಊರೂರು ತಿರುಗಿದರು. 1907ರಲ್ಲಿ ಇಂಥ ಗಾಡಿಯವರದೇ ಒಂದು ಕ್ಲಬ್ಬು ಹುಟ್ಟಿತು. ಅದು ಇವತ್ತಿಗೂ ಇದೆ.

ನಾನು ಮೊದಲ ದಿನ ಮಂಚ ನೋಡಿ, ಒಲೆ ನೋಡಿ ಭೇಷ್ ಅಂದೆ. ಮೂರನೇ ದಿನ ಗೊತ್ತಾಯಿತು, ಗಾಡಿಯ ಜೀವ ಇರುವುದು ಒಲೆಯಲ್ಲೂ ಅಲ್ಲ, ಮಂಚದಲ್ಲೂ ಅಲ್ಲ, ಹೊಟ್ಟೆಯ ಕೆಳಗಿನ ಮೂರು ಡಬ್ಬಿಗಳಲ್ಲಿ. ಒಂದು ಒಳ್ಳೆ ನೀರಿನ ಟ್ಯಾಂಕು. ನಮ್ಮ ಗಾಡಿಯಲ್ಲಿ ಸುಮಾರು 100 ಲೀಟರ್ ಹಿಡಿಯುತ್ತಿತ್ತು. ಎರಡನೆಯದು ಪಾತ್ರೆ ತೊಳೆದ ನೀರು, ಬಚ್ಚಲು ನೀರು ಸೇರುವ ಟ್ಯಾಂಕು. ಮೂರನೆಯದು ಕಕ್ಕಸಿನ ಕೆಳಗಿನ ಪ್ಲಾಸ್ಟಿಕ್ ಪೆಟ್ಟಿಗೆ. ಇದನ್ನು ಅವರು ಕ್ಯಾಸೆಟ್ ಅನ್ನುತ್ತಾರೆ. ಹಾಡಿನ ಕ್ಯಾಸೆಟ್ ಅಲ್ಲ! ಇದು ಇಪ್ಪತ್ತು ಲೀಟರಿನ ಆಸುಪಾಸು. ಹೊರಗಿನಿಂದ ಒಂದು ಚಿಕ್ಕ ಬಾಗಿಲು ತೆಗೆದು, ಪೆಟ್ಟಿಗೆಯನ್ನು ಎಳೆದುಕೊಂಡು, ಹಾಲಿನ ಕ್ಯಾನಿನ ಹಾಗೆ ಹಿಡಿದು ಸುರಿಯಬೇಕು. ಮೂರು ಜನ ಇದ್ದರೆ ಎರಡು ದಿವಸಕ್ಕೆ ತುಂಬುತ್ತದೆ. ನಮ್ಮವರು ಚೆಂಬು ನೀರು ಬಳಸುವವರಾದ್ದರಿಂದ ಇನ್ನೂ ಬೇಗ ತುಂಬಿತು ಅನ್ನಿ.

ಸುರಿಯುವುದು ಎಲ್ಲಿ? ಅದಕ್ಕೆ ಕ್ಯಾಂಪ್ ಸೈಟುಗಳಲ್ಲಿ ಒಂದು ಜಾಗ ಇರುತ್ತದೆ. ಎಲ್ಸನ್ ಪಾಯಿಂಟ್ ಅಂತ ರೂಢಿಯ ಹೆಸರು. ಎಲ್ಸನ್ ಅನ್ನುವುದು ಅಂಥ ಕಕ್ಕಸು ಮಾಡುತ್ತಿದ್ದ ಕಂಪನಿಯ ಹೆಸರು. ನಾವು ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ ಆಗಿದೆ. ಸೊಂಟದೆತ್ತರದ ಒಂದು ತೊಟ್ಟಿ, ಮುಚ್ಚಳ, ತೊಳೆಯಲು ಒಂದು ನಲ್ಲಿ. ಬಚ್ಚಲು ನೀರಿಗೆ ಬೇರೆ ಜಾಗ, ಗಾಡಿಯನ್ನೇ ಅದರ ಮೇಲೆ ತಂದು ನಿಲ್ಲಿಸಿ ತಿರುಪು ಬಿಟ್ಟರೆ ಆಯಿತು. ಕುಡಿಯುವ ನೀರಿನ ನಲ್ಲಿ ಇವೆರಡರಿಂದಲೂ ದೂರ. ನಮ್ಮ ಡೇರಿಯಲ್ಲಿ ಕ್ಯಾನು ತೊಳೆಯುವ ನಲ್ಲಿಗೂ ಕುಡಿಯುವ ನಲ್ಲಿಗೂ ಹೇಗೆ ಬೇರೆ ಬೇರೆ ಇಟ್ಟಿದ್ದೇವೋ ಹಾಗೆ. ಇದು ಮಡಿಯ ವಿಷಯ ಅಲ್ಲ. ಕ್ಯಾಸೆಟ್ ತೊಳೆಯುವವನು ನಲ್ಲಿಯ ಮೂತಿಯನ್ನು ಪೆಟ್ಟಿಗೆಯ ಬಾಯಿಗೇ ತುರುಕುತ್ತಾನೆ. ಅದೇ ಮೂತಿಗೆ ಮುಂದಿನವನು ಪೈಪು ಹಾಕಿ ಕುಡಿಯುವ ನೀರು ತುಂಬಿಕೊಂಡರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಅದಕ್ಕೇ ತೊಳೆಯುವ ನಲ್ಲಿಯ ಮೇಲೆ "ಕುಡಿಯಬಾರದು" ಎಂಬ ಫಲಕ. ಮಗ ಮೊದಲು ಕೊಳಕು ಖಾಲಿ ಮಾಡಿ, ಕೈ ತೊಳೆದು, ಆಮೇಲೆ ಬೇರೆ ಕಡೆ ಹೋಗಿ ನಮ್ಮದೇ ಪೈಪಿನಲ್ಲಿ ನೀರು ತುಂಬಿಸುತ್ತಿದ್ದ.

ಇಷ್ಟೆಲ್ಲ ಸರಿ. ನಾಲ್ಕನೇ ದಿವಸ ಸಂಜೆ ನಮಗೊಂದು ಫಜೀತಿ ಆಯಿತು.

ಸ್ಕಾಟ್ಲೆಂಡಿನ ಉತ್ತರ ತೀರವನ್ನು ಬಳಸಿಕೊಂಡು ಹೋಗುವ ಒಂದು ರಸ್ತೆ ಇದೆ, ನಾರ್ತ್ ಕೋಸ್ಟ್ 500 ಅಂತ. ಇನ್ವರ್ನೆಸ್ ಪಟ್ಟಣದಿಂದ ಹೊರಟು ಅಲ್ಲಿಗೇ ಬಂದು ಸೇರುವ 516 ಮೈಲಿಯ ಸುತ್ತು. ರಸ್ತೆಗಳು ಹಳೆಯವೇ. 2015ರಲ್ಲಿ ಅವಕ್ಕೆ ಒಟ್ಟಾಗಿ ಈ ಹೆಸರಿಟ್ಟು ಪ್ರಚಾರ ಕೊಟ್ಟರು. ಜನ ಮುಗಿಬಿದ್ದರು. ಎಷ್ಟೋ ಕಡೆ ಒಂದೇ ಗಾಡಿ ಹಿಡಿಯುವ ರಸ್ತೆ, ಇಪ್ಪತ್ತು ಮೂವತ್ತು ಮನೆಯ ಊರುಗಳು, ಅಲ್ಲಿಗೆ ಸಾಲುಸಾಲು ಮನೆಗಾಡಿಗಳು. ಹೆಸರು ಬಂದಷ್ಟು ಬೇಗ ನಲ್ಲಿ, ಗುಂಡಿ ಬರಲಿಲ್ಲ. ಗಾಡಿಯವರು ರಸ್ತೆ ಬದಿಗೆ, ಚರಂಡಿಗೆ ಸುರಿದು ಹೋಗುತ್ತಾರೆಂದು ಊರವರ ದೂರು ಶುರುವಾಯಿತು.

ನಮ್ಮ ಪೆಟ್ಟಿಗೆ ತುಂಬಿತ್ತು. ಆ ದೇಶದಲ್ಲಿ ಅಕ್ಟೋಬರ್ ಅಂದರೆ ಕಾಲ ಮುಗಿದ ಹಾಗೆ, ಅನೇಕ ಕ್ಯಾಂಪ್ ಸೈಟುಗಳು ಬಾಗಿಲು ಹಾಕಿಬಿಡುತ್ತವೆ. ಮೊದಲನೆಯದು ಮುಚ್ಚಿತ್ತು. ಎರಡನೆಯದು ತೆರೆದಿತ್ತು, ಆದರೆ ಜಾಗ ಭರ್ತಿ. ಮಗ ಹೋಗಿ "ರಾತ್ರಿ ಉಳಿಯೋದು ಬೇಡ, ಇದನ್ನ ಖಾಲಿ ಮಾಡಿ ನೀರು ತುಂಬ್ಕೊಳ್ತೀವಿ, ದುಡ್ಡು ಕೊಡ್ತೀವಿ" ಅಂದ. ಅವರು "ಇಲ್ಲಿ ತಂಗಿದವರಿಗೆ ಮಾತ್ರ" ಅಂದರು. ಎರಡನೇ ಮಾತಿಲ್ಲ. ನನಗೆ ಸಿಟ್ಟು ಬಂತು. ದುಡ್ಡು ಕೊಡ್ತೀವಿ ಅಂದರೂ ಇಲ್ಲ ಅನ್ನುವುದು ಯಾವ ವ್ಯಾಪಾರ?

ಕತ್ತಲಾಗುತ್ತಿತ್ತು. ಮಳೆ ಹನಿಯುತ್ತಿತ್ತು. ಸ್ವಲ್ಪ ದೂರ ಬಂದು ಗಾಡಿ ನಿಲ್ಲಿಸಿ ಮಗ ಮೆಲ್ಲಗೆ ಹೇಳಿದ: "ಅಪ್ಪ, ಆ ಪೊದೆ ಹಿಂದೆ ಒಂದು ಹಳ್ಳ ಇದೆ. ಯಾರೂ ಇಲ್ಲ. ಒಂದು ಸಲಕ್ಕೆ..." ನಿಜ ಹೇಳುತ್ತೇನೆ, ನಾನು ಬೇಡ ಅನ್ನಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಜಲಮಾಲಿನ್ಯದ ಪಾಠ ಮಾಡಿದ ನಾನು ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತಿದ್ದೆ. ಹಿಂದಿನಿಂದ ನಮ್ಮ ಮನೆಯವರು ಅಂದರು: "ಏನಂತ ಮಾತಾಡ್ತೀಯೋ? ಕೆಳಗಡೆ ಯಾರ ಮನೆ ದನ ಆ ನೀರು ಕುಡಿಯುತ್ತೋ. ನಮ್ಮ ಕೆರೆಗೆ ಯಾರಾದ್ರೂ ಹಂಗೆ ಮಾಡಿದ್ರೆ ನೀನು ಬಿಡ್ತಿದ್ದೆಯಾ?" ಮಗ ಗಾಡಿ ಮುಂದಕ್ಕೆ ತೆಗೆದ. ಆ ರಾತ್ರಿ ಕಕ್ಕಸಿನ ಬಾಗಿಲು ಮುಚ್ಚಿ, ಅರ್ಧ ಬಾಟಲಿ ನೀರಿನಲ್ಲಿ ಕಳೆದೆವು.

ಬೆಳಿಗ್ಗೆ ಮಗ ಫೋನ್ ಮಾಡಿ ಒಬ್ಬ ರೈತನ ಜಮೀನಿಗೆ ಕರೆದುಕೊಂಡು ಹೋದ. ಇದನ್ನು ನೀವು ಗಮನ ಕೊಟ್ಟು ಕೇಳಬೇಕು. ಬ್ರಿಟನ್ನಿನ 1960ರ ಒಂದು ಕಾಯಿದೆಯ ಪ್ರಕಾರ, ಮಾನ್ಯತೆ ಪಡೆದ ಕ್ಲಬ್ಬುಗಳು ರೈತರ ಹೊಲಗಳಿಗೆ ತಾವೇ ಸರ್ಟಿಫಿಕೇಟ್ ಕೊಡಬಹುದು. ಆ ಹೊಲದಲ್ಲಿ ಒಂದು ಸಲಕ್ಕೆ ಐದು ಮನೆಗಾಡಿ ನಿಲ್ಲಬಹುದು, ಸರ್ಕಾರದ ಬೇರೆ ಲೈಸೆನ್ಸ್ ಬೇಡ. ನಾನು ಮೊದಲು ಹೇಳಿದ 1907ರ ಕ್ಲಬ್ಬಿನ ಪಟ್ಟಿಯಲ್ಲೇ ಇಂಥ 2,000ಕ್ಕೂ ಹೆಚ್ಚು ಜಾಗಗಳಿವೆ. ಹೋಟೆಲು, ಈಜುಕೊಳ ಏನೂ ಬೇಕಿಲ್ಲ. ಮುಖ್ಯವಾಗಿ ಇರಲೇಬೇಕಾದ್ದು ಎರಡು: ಒಂದು ಕುಡಿಯುವ ನೀರಿನ ನಲ್ಲಿ, ಒಂದು ಕ್ಯಾಸೆಟ್ ಸುರಿಯುವ ಜಾಗ. ಹುಲ್ಲುಗಾವಲಿನ ಒಂದು ಮೂಲೆ, ಒಂದು ನಲ್ಲಿ, ಒಂದು ಗುಂಡಿ. ಇಷ್ಟರಿಂದ ರೈತನಿಗೆ ಕುರಿ, ದನದ ಜೊತೆ ಇನ್ನೊಂದು ಕಾಸು.

ಆ ರೈತನಿಗೂ ಸುಮಾರು ನನ್ನ ವಯಸ್ಸೇ. ಗಾಡಿ ನಿಂತ ಕೂಡಲೇ ಬಂದು ನಮಸ್ಕಾರ ಕೂಡ ಹೇಳದೆ ಕೇಳಿದ್ದು, "ಡಬ್ಬಿಗೆ ಯಾವ ಔಷಧಿ ಹಾಕಿದ್ದೀರಿ?" ಅಂತ. ನನಗೆ ಆಶ್ಚರ್ಯ. ಕ್ಯಾಸೆಟ್ಟಿಗೆ ವಾಸನೆ ಬರದಿರಲೆಂದು ಒಂದು ದ್ರವ ಹಾಕುತ್ತಾರೆ. ಅದರಲ್ಲಿ ಕೆಲವಕ್ಕೆ ಫಾರ್ಮಾಲ್ಡಿಹೈಡ್ ಬೆರೆಸಿರುತ್ತದೆ. ನಮ್ಮ ಸ್ಕೂಲಿನ ಪ್ರಯೋಗಾಲಯದಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆ, ಹಾವು ಇಟ್ಟಿದ್ದು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಆ ಜಾಡಿಯಲ್ಲಿದ್ದ ಫಾರ್ಮಲಿನ್ ಇದೇ. ಕಪ್ಪೆ ಯಾಕೆ ಕೊಳೆಯುವುದಿಲ್ಲ? ಕೊಳೆಸುವ ಬ್ಯಾಕ್ಟೀರಿಯಾವನ್ನು ಅದು ಕೊಲ್ಲುತ್ತದೆ. ರೈತನ ಮನೆಗೆ ಪಟ್ಟಣದ ಒಳಚರಂಡಿ ಇಲ್ಲ, ನಮ್ಮ ಹಾಗೇ ಸೆಪ್ಟಿಕ್ ಟ್ಯಾಂಕು. ಅಲ್ಲಿ ಮಲವನ್ನು ಕರಗಿಸುವುದೂ ಬ್ಯಾಕ್ಟೀರಿಯಾವೇ. ದಿನಕ್ಕೆ ಐದು ಗಾಡಿಯವರು ಫಾರ್ಮಲಿನ್ ಸುರಿದರೆ ಟ್ಯಾಂಕು ಸತ್ತ ಹಾಗೆಯೇ. ಗೋಬರ್ ಗ್ಯಾಸ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಕೊಟ್ಟಿಗೆಗೆ ಫಿನಾಯಿಲ್ ಹಾಕಿ ತೊಳೆದ ನೀರು ಗುಂಡಿಗೆ ಹೋದರೆ ಒಲೆ ಹತ್ತುವುದಿಲ್ಲ. ಅದಕ್ಕೇ ಸೆಪ್ಟಿಕ್ ಟ್ಯಾಂಕು ಇರುವ ಕಡೆ ಫಾರ್ಮಾಲ್ಡಿಹೈಡ್ ಇಲ್ಲದ ದ್ರವವನ್ನೇ ಕೇಳುತ್ತಾರೆ. ನಮ್ಮದು ಅಂಥದ್ದೇ ಆಗಿತ್ತು, ಬಚಾವಾದೆವು.

ಹಿಂದಿನ ಸಂಜೆ ನಮ್ಮನ್ನು ವಾಪಸ್ ಕಳಿಸಿದವರ ವಿಷಯ ಅವರಿಗೆ ಹೇಳಿದೆ. ಅವರು ನನ್ನ ಪರ ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕು, ಟ್ಯಾಂಕು ಬಗೆಯುವ ಲಾರಿ ಕರೆಸುವ ಖರ್ಚು, ನೀರಿನ ಬಿಲ್ಲು, ತಂಗದೆ ಬಂದು ಹೋಗುವವರು ಸುತ್ತಲೂ ಚೆಲ್ಲಿ ತೊಳೆಯದೆ ಹೋಗುವ ಚಂದ, ಎಲ್ಲವನ್ನೂ ವಿವರಿಸಿದರು. ರಾತ್ರಿ ತಂಗಿದವನ ಗಾಡಿ ನಂಬರು, ಹೆಸರು ಪುಸ್ತಕದಲ್ಲಿರುತ್ತದೆ. ಹತ್ತು ನಿಮಿಷಕ್ಕೆ ಬಂದವನು ಯಾವ ವಿಷ ಸುರಿದನೋ ಯಾರಿಗೆ ಗೊತ್ತು? ಕೇಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಪೂರಾ ಇಳಿಯಲಿಲ್ಲ. ಯಾಕೆಂದರೆ ಇಂಥ ಪ್ರತಿಯೊಂದು ಮುಚ್ಚಿದ ಬಾಗಿಲಿನ ಹಿಂದೆ ಒಂದು ಹಳ್ಳ ಇರುತ್ತದೆ. ನಮ್ಮ ಗಾಡಿಯಲ್ಲಿ ನಮ್ಮ ಮನೆಯವರಿದ್ದರು. ಎಲ್ಲ ಗಾಡಿಯಲ್ಲೂ ಇರುವುದಿಲ್ಲವಲ್ಲ.

ಹಾಗಾದರೆ ಉಪಾಯವೇನು? ಫ್ರಾನ್ಸಿನಲ್ಲಿ ಎಷ್ಟೋ ಊರುಗಳ ಪಂಚಾಯ್ತಿಗಳೇ ನೀರು ತುಂಬುವ, ಕೊಳಕು ಸುರಿಯುವ ಕಂಬ ನೆಟ್ಟು, ಗಾಡಿ ನಿಲ್ಲಲು ಜಾಗ ಬಿಟ್ಟಿವೆಯಂತೆ. ಕೆಲವು ಕಡೆ ಅದಕ್ಕೊಂದು ಬಿಲ್ಲೆ ಬೇಕು, ಆ ಬಿಲ್ಲೆ ಊರಿನ ಬ್ರೆಡ್ಡಿನ ಅಂಗಡಿಯಲ್ಲಿ ಸಿಗುತ್ತದೆ. ಬಿಲ್ಲೆಗೆ ಬಂದವನು ಬ್ರೆಡ್ಡೂ ಒಯ್ಯುತ್ತಾನೆ. ಬುದ್ಧಿವಂತರು! ಸ್ಕಾಟ್ಲೆಂಡಿನಲ್ಲಿಯೂ 2018ರಿಂದ ಹಳ್ಳಿಗಾಡಿನ ಪ್ರವಾಸಿ ಸೌಕರ್ಯಕ್ಕೆಂದು ಸರ್ಕಾರ ಒಂದು ನಿಧಿ ತೆಗೆದು, ಪಾರ್ಕಿಂಗು, ಶೌಚಾಲಯ, ಮನೆಗಾಡಿಯ ತ್ಯಾಜ್ಯ ಸುರಿಯುವ ಜಾಗಗಳಿಗೆ ಸಹಾಯ ಕೊಟ್ಟಿತು.

ನನಗೆ ಹೆಚ್ಚು ಹಿಡಿಸಿದ್ದು ಹ್ಯಾರಿಸ್ ಎಂಬ ದ್ವೀಪ. ಉಲ್ಲಪೂಲ್ ಬಂದರಿನಿಂದ ಹಡಗಿಗೆ ಗಾಡಿ ಹತ್ತಿಸಿಕೊಂಡು ಸ್ಟೋರ್ನೊವೇಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಇಳಿದೆವು. ಸಮುದ್ರದ ದಂಡೆ ಹಾಲು ಚೆಲ್ಲಿದ ಹಾಗೆ ಬಿಳುಪು. ಅಲ್ಲಿಯ ಪಶ್ಚಿಮ ಭಾಗದ ಜಮೀನು ಮೊದಲು ಸರ್ಕಾರದ ಒಡೆತನದಲ್ಲಿತ್ತು. 2010ರಲ್ಲಿ ಊರವರೇ ಸೇರಿ ವೆಸ್ಟ್ ಹ್ಯಾರಿಸ್ ಟ್ರಸ್ಟ್ ಎಂಬ ತಮ್ಮ ಸಂಸ್ಥೆಯ ಹೆಸರಿಗೆ ಅದನ್ನು ಪಡೆದುಕೊಂಡರು. ಅಲ್ಲಿ ವಾಸ ಮಾಡುವವರೇ ಸದಸ್ಯರು, ಅವರೇ ನಿರ್ದೇಶಕರನ್ನು ಆರಿಸುತ್ತಾರೆ. ಹೆಸರು ಬೇರೆಯಾದರೂ ನಮ್ಮ ಸಂಘದ ಜಾತಿಯದ್ದೇ. ಮನೆಗಾಡಿಗಳು ಹೇಗೂ ಬರುತ್ತವೆ, ಬೇಡ ಅಂದರೂ ಬರುತ್ತವೆ ಅನ್ನುವುದನ್ನು ಅವರು ಒಪ್ಪಿಕೊಂಡಿದ್ದಾರೆ. ಇಲ್ಲಿ ಇಷ್ಟೇ ಗಾಡಿ ಅಂತ ಜಾಗ ಗುರುತು ಮಾಡಿ, ರಾತ್ರಿಗಿಷ್ಟು ಎಂದು ಶುಲ್ಕ ಪಡೆಯುತ್ತಾರೆ. ಆ ದುಡ್ಡು ಊರಿಗೇ. ಕಾವಲುಗಾರನೂ ಇಲ್ಲ, ಬೈಯುವವರೂ ಇಲ್ಲ. ಅಲ್ಲಿ ದುಡ್ಡು ಕೊಡುವಾಗ ನನಗೆ ಕೊಟ್ಟೆನಲ್ಲ ಅನ್ನಿಸಲೇ ಇಲ್ಲ.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ ಅಂತ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. 2021ರಲ್ಲಿ ಪಕ್ಕದ ಕೇರಳ ಸರ್ಕಾರ ಮನೆಗಾಡಿ ಪ್ರವಾಸಕ್ಕೆಂದೇ ಒಂದು ನೀತಿ ಮಾಡಿತು. ಅವು ಗಡಿ ದಾಟಿ ಬರುವುದಿಲ್ಲವೆ? ಹೋದ ಡಿಸೆಂಬರಿನಲ್ಲಿ ನಮ್ಮ ಕೆರೆ ಏರಿಯ ಮೇಲೆ ಎರಡು ದಿವಸ ನಿಂತಿದ್ದ ದೊಡ್ಡ ಬಿಳಿ ಗಾಡಿಯನ್ನು ನೀವೆಲ್ಲ ನೋಡಿದಿರಿ. ಮಕ್ಕಳು ಹೋಗಿ ಅದರ ಮುಂದೆ ಫೋಟೋ ತೆಗೆಸಿಕೊಂಡವು. ಅವರು ಡೇರಿಗೆ ಬಂದು ಎರಡು ಬಕೆಟ್ ನೀರು ಕೇಳಿದರು, ಕೊಟ್ಟೆವು. ಇನ್ನೊಂದು ಮಾತೂ ಕೇಳಿದರು, ಟಾಯ್ಲೆಟ್ ಡಬ್ಬಿ ಎಲ್ಲಿ ಖಾಲಿ ಮಾಡೋದು ಅಂತ. ನಮ್ಮ ಹುಡುಗರು ನಕ್ಕು ಕಳಿಸಿದರು. ಮರುದಿನ ಗಾಡಿ ಹೊರಟು ಹೋಯಿತು. ಡಬ್ಬಿ ಎಲ್ಲಿ ಖಾಲಿಯಾಯಿತು ಅಂತ ನಾವು ಯಾರೂ ಹೋಗಿ ನೋಡಲಿಲ್ಲ.

ಡೇರಿ ಕಟ್ಟಡದ ಹಿಂದೆ ಸಂಘದ ಖಾಲಿ ಜಾಗ ಇದೆ. ಕೊಳವೆಬಾವಿ ನಮ್ಮದೇ ಇದೆ. ಸೆಪ್ಟಿಕ್ ಟ್ಯಾಂಕು ಇದೆ, ಆದರೆ ಅದು ನಮ್ಮ ಬಳಕೆಗೆ ಕಟ್ಟಿದ್ದು, ಹೊರಗಿನದನ್ನು ತಡೆಯುತ್ತದೋ ಇಲ್ಲವೋ ತಿಳಿದವರಿಂದ ನೋಡಿಸಬೇಕು. ಅದು ಕೊಳವೆಬಾವಿಯಿಂದ ಎಷ್ಟು ದೂರ ಇದೆ ಅನ್ನುವುದನ್ನೂ ಅಳೆಯಬೇಕು. ಕಟ್ಟಿಯೇಬಿಡಿ ಅಂತ ನಾನು ಹೇಳುತ್ತಿಲ್ಲ. ವರ್ಷಕ್ಕೆ ನಾಲ್ಕು ಗಾಡಿ ಬಂದರೆ ಖರ್ಚು ಹುಟ್ಟುವುದಿಲ್ಲ ಅನ್ನುವ ಖಜಾಂಚಿಗಳ ಮಾತೂ ಸುಳ್ಳಲ್ಲ. ಆದರೆ ಮುಂದಿನ ಸಲ ಯಾರಾದರೂ ಬಂದು ಕೇಳಿದರೆ ಏನು ಹೇಳಬೇಕು, ಎಷ್ಟು ತೆಗೆದುಕೊಳ್ಳಬೇಕು, ಡಬ್ಬಿಗೆ ಏನು ಹಾಕಿದ್ದೀರಿ ಅಂತ ಯಾರು ಕೇಳಬೇಕು, ಇಷ್ಟನ್ನು ಆಡಳಿತ ಮಂಡಳಿ ಈ ಬೇಸಿಗೆಗೆ ಮುಂಚೆ ತೀರ್ಮಾನ ಮಾಡಬೇಕೆಂದು ಸದಸ್ಯನಾಗಿ ಕೇಳಿಕೊಳ್ಳುತ್ತೇನೆ. ಅರ್ಜಿ ಬರೆದು ತಂದಿದ್ದೇನೆ, ಕಾರ್ಯದರ್ಶಿಗಳ ಕೈಗೆ ಈಗಲೇ ಕೊಡುತ್ತಿದ್ದೇನೆ.

ಅಡುಗೆಯವರು ಆಗಲೇ ಎರಡು ಸಲ ಇಣುಕಿ ನೋಡಿದರು.